ದಾರಿ ಮಂದಿ ಕೈಮುಗಿದ ಫಟಫಟಿ

ಹೊಸಪೇಟೆಯ ಕಿರಾಣಿ ಅಂಗಡಿ ಅಂದಾನಪ್ಪನ ತಲೆ ಕೆಡಿಸಿದ್ದು ಒಂದು ಎತ್ತಿನ ಬಂಡಿ. ಬಸುರಿ ಹೆಂಡತಿ ಕೊಟ್ರಬಸಮ್ಮನ ಕುಬಸಕ್ಕೆಂದು ಕಂಪ್ಲಿಗೆ ಆ ಬಂಡಿಯಲ್ಲಿ ಹೋಗಿ ಇಳಿಯುವಷ್ಟರಲ್ಲಿ, ಉಂಡ ಎಲೆಗಳನ್ನು ಎಮ್ಮೆಗಳು ಮೇಯುತ್ತಿದ್ದವು. "ಅಳಿಯಂದ್ರು ಮುಂದಿನ ಕುಬಸಕ್ಕ ಭಾಳ ಬೇಗ ಬಂದಾರ" ಎಂದು ಯಾರೋ ಅಂದರು. ಬೀಗರ ಮನೆಗೆ ಮನೆಯೇ ನಕ್ಕಿತು.

ಈಗ ಗಂಡುಕೂಸು ಹುಟ್ಟಿತ್ತು. ಇವತ್ತು ಸಂಜೆ ಕಂಪ್ಲಿಯಲ್ಲಿ ತೊಟ್ಟಿಲು. ಈ ಸಲ ಬಂಡಿ ಹತ್ತಿದರೆ ಕೇಳಿ, ಫಟಫಟಿಯ ಮೇಲೇ ಹೋಗಿ ಇಳಿಯುತ್ತೇನೆ ಎಂದು ಅಂದಾನಪ್ಪ ಆಣೆ ಮಾಡಿದ್ದ. ದೇವರು ದೊಡ್ಡವನು: ಹೆಲ್ತ್ ಇನ್‌ಸ್ಪೆಕ್ಟರ್ ಕಮಲಾಕರರಾಯರಿಗೆ ಸಂಡೂರು ಸಂಸ್ಥಾನದಲ್ಲಿ ನೌಕರಿ ಸಿಕ್ಕಿದ್ದರಿಂದ ಅವರು ತಮ್ಮ ಹಳೆಯ ಫಟಫಟಿಯನ್ನು ಮಾರಲಿಟ್ಟಿದ್ದರು. ಬದಲಿಗೆ ಕೊಡಲು ಅಂದಾನಪ್ಪನ ಬೆರಳಲ್ಲಿ ಮಾವ ತೋಟಪ್ಪ ಲಗ್ನದಲ್ಲಿ ತೊಡಿಸಿದ ದಪ್ಪ ಬಂಗಾರದ ಉಂಗುರವಿತ್ತು.

ಮುಂಜಾನೆ ರಾಯರ ಮನೆಗೆ ಹೊರಟಾಗ ಪಕ್ಕದ ಮನೆಯ ದನದ ದಲ್ಲಾಳಿ ಜಂಬಪ್ಪ ಕರೆಯದೇ ಜೊತೆಗೆ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಟೈರನ್ನು ಎತ್ತಿನ ಹೊಟ್ಟೆಯಂತೆ ಒತ್ತಿ ನೋಡಿದ. ಪೆಟ್ರೋಲ್ ಟ್ಯಾಂಕಿನ ಮೇಲೆ ಸುಳಿ ಹುಡುಕಿದ.

ರಾಯರು ಕಾಗದಗಳನ್ನು ಹಿಡಿದು ಹೊರಗೆ ಬಂದರು. "ನೋಡ್ರಿ ಅಂದಾನಪ್ಪನವರ, ವರ್ಷಾ ವರ್ಷಾ ತಪಾಸಣಿ ಮಾಡಿಸೀನಿ. ಏನೇನು ಬರದಾರ ಓದಿ ಹೇಳ್ತೀನಿ, ಕೇಳ್ರಿ. ಇದು ಮೊದಲು ಕಂಪ್ಲಿಯೊಳಗ..."

ಜಂಬಪ್ಪ ಕೈ ಅಡ್ಡ ಹಿಡಿದ. "ರಾಯರ, ತಪ್ಪು ತಿಳೀಬ್ಯಾಡ್ರಿ. ಮಾರೋರ ಮಾತು ಕಿವ್ಯಾಗ ಹಾಕ್ಕೋಬಾರದು ಅನ್ನೋದು ನಮ್ಮ ದಲ್ಲಾಳಿ ಕಟ್ಟಳಿ. ಇಂಗ್ಲಿಷಿನ್ಯಾಗ ಬರದ್ರ ಎಲ್ಲಾ ಎತ್ತೂ ಚೊಲೋನ ಇರ್ತಾವ."

"ಅಲ್ರಿ, ಒಂದು ಮಾತು..."

"ಅರ್ಧಾನೂ ಬ್ಯಾಡ. ಎತ್ತು ನಡದಾಡಿದ ದಾರಿ ಮಂದಿನ್ನ ಕೇಳ್ತೀವಿ."

ಪಾಪ, ರಾಯರು ನಿಜ ಹೇಳುವ ಮನುಷ್ಯ. ಇಬ್ಬರೂ ಜಟಕಾ ಹತ್ತುವವರೆಗೂ ಹಿಂದೆಯೇ ಬಂದರು. ಜಂಬಪ್ಪ ಕೇಳಬೇಕಲ್ಲ!

ರಾಯರು ದಿನಾ ತಿರುಗುವ ಕಂಪ್ಲಿ ದಾರಿಯ ಕಡ್ಡಿರಾಂಪುರದಲ್ಲಿ ಚಾ, ಮಂಡಕ್ಕಿ ಒಗ್ಗರಣಿ ಮಾರುವ ಸುಂಕಮ್ಮ, ರಾಯರ ಫಟಫಟಿ ಎಂದ ಕೂಡಲೇ ಎರಡೂ ಕೈ ಎತ್ತಿ ಮುಗಿದಳು. "ಯಪ್ಪಾ, ಅದು ಗಾಡಿ ಅಲ್ಲ, ನನ್ನ ಪಾಲಿನ ದೇವರು! ಅದರಿಂದ ನನ್ನ ಒಲಿ ಉರಿಯಾಕತ್ತೈತಿ."

ಕಮಲಾಪುರದ ಕೆರೆ ಏರಿಯ ಬಂಡಿ ಕೊಟ್ರಯ್ಯನಂತೂ ಕಣ್ಣೊರೆಸಿಕೊಂಡ. "ಅಂಥಾ ಗಾಡಿ ಹುಟ್ಟಾಂಗಿಲ್ರಿ. ಮಗಳ ಲಗ್ನ ಆತಂದ್ರ ಅದರ ಪುಣ್ಯಾನ."

"ಕೇಳಿದೇನೋ? ಇಷ್ಟು ಚೊಲೋ ಹೆಸರು ಯಾವ ಎತ್ತಿಗೂ ಕೇಳಿಲ್ಲ" ಎಂದ ಜಂಬಪ್ಪ. "ಕಂಪ್ಲ್ಯಾಗೂ ಒಂದು ಮಾತು ಕೇಳಿಬಿಡೋಣು."

"ಬ್ಯಾಡೋ ಮಾರಾಯ. ಮಾವನ ಊರಾಗ ಕೇಳಿದ್ರ ಗುಟ್ಟು ರಟ್ಟಾಗ್ತೈತಿ" ಎಂದ ಅಂದಾನಪ್ಪ. ಜಂಬಪ್ಪನಂಥ ನೆರೆಯವನನ್ನು ಕೊಟ್ಟ ದೇವರಿಗೆ ಮನಸ್ಸಿನಲ್ಲೇ ಕೈಮುಗಿದ.

ಹೊಸಪೇಟೆಗೆ ಮರಳಿದ ಕೂಡಲೇ ಉಂಗುರ ರಾಯರ ಕೈ ಸೇರಿತು. ರಾಯರ ಹೆಂಡತಿ ಸರಸ್ವತೀಬಾಯಿ ಗಾಡಿಗೂ ಅಂದಾನಪ್ಪನಿಗೂ ಆರತಿ ಎತ್ತಿದರು. "ನಿಮ್ಮ ಉಪಕಾರ ಮರಿಯೂದಿಲ್ರಿ. ಇನ್ನರೆ ನಮ್ಮವರು ಹೊತ್ತಿಗೆ ಸರಿಯಾಗಿ ಮನೀಗೆ ಬರ್ತಾರ" ಎಂದರು. ಈ ಮಾತು ಯಾಕೆ ಬಂತೆಂದು ಅಂದಾನಪ್ಪ ಕೇಳಲಿಲ್ಲ. ಜರಿ ರುಮಾಲು ಬಿಗಿದುಕೊಂಡು, ರಾಯರು ಹಿಂದಿನ ವಾರ ಓಡಿಸಲು ಕಲಿಸಿದ್ದಷ್ಟನ್ನು ನೆನೆಸಿಕೊಳ್ಳುತ್ತ ಹೊರಟೇಬಿಟ್ಟ.

ಗಾಡಿ ಕಡ್ಡಿರಾಂಪುರದವರೆಗೆ ಕುದುರೆಯ ಹಾಗೆ ಓಡಿತು. ಸುಂಕಮ್ಮನ ಒಲೆಯ ಮುಂದೆ ಗಕ್ಕನೆ ನಿಂತಿತು.

"ಬರ್ರಿ ಯಪ್ಪಾ, ಚಾ ಕುದ್ಯಾಕತ್ತೈತಿ. ಅದು ಇಲ್ಲೇ ನಿಂದ್ರತೈತಿ, ತಣ್ಣಗಾಗೋತನ ಏಳಾಂಗಿಲ್ಲ. ರಾಯರು ಎರಡು ತಾಟು ಒಗ್ಗರಣಿ ತಿಂತಿದ್ರು. ನೀವೂ ತಿನ್ರಿ, ಪುಣ್ಯಾತ್ಮರು!"

ತಿಂದ, ಕುಡಿದ, ಕಾದ. ಮತ್ತೆ ಹೊರಟ ಗಾಡಿ ಕಮಲಾಪುರದ ಏರಿಯ ಬುಡದಲ್ಲಿ ಕೆಮ್ಮಿ ಪ್ರಾಣಬಿಟ್ಟಿತು. ಕೊಟ್ರಯ್ಯ ಬಂಡಿ ಹೂಡಿ, ಹಗ್ಗ ಹಿಡಿದು ನಿಂತೇ ಇದ್ದ.

"ಲೇ, ಮುಂಜಾನಿ ಯಾಕ ಹೇಳ್ಲಿಲ್ಲ?"

"ನೀವು ಗಾಡಿ ಹೆಂಗೈತಿ ಅಂತ ಕೇಳಿದ್ರಿ. ನಮಗ ಚೊಲೋನ ಐತಲ್ರೀ" ಎಂದ ಕೊಟ್ರಯ್ಯ ವಿನಯದಿಂದ.

ಹೀಗೆ ದೀಪ ಹಚ್ಚುವ ಹೊತ್ತಿಗೆ ಅಂದಾನಪ್ಪ ಮತ್ತೆ ಎತ್ತಿನ ಬಂಡಿಯಲ್ಲೇ, ಫಟಫಟಿಯನ್ನು ತಬ್ಬಿಕೊಂಡು ಮಾವನ ಮನೆ ಮುಂದೆ ಇಳಿದ. ಜೋಗುಳ ಆಗಲೇ ಮುಗಿದಿತ್ತು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ನಗದವನು ತೋಟಪ್ಪ ಒಬ್ಬನೇ. ಕಂದೀಲು ಎತ್ತಿ ಗಾಡಿಯನ್ನು ನೋಡಿದವನೇ ಕೈಮುಗಿದ. "ಅಯ್ಯ ಇದರ! ನನ್ನ ಗಾಡಿ! ಊರೆಲ್ಲಾ ತಳ್ಳಿಸಿದ್ದ ನನ್ನ ಗಾಡಿ! ಅಳಿಯಂದ್ರ, ಇದನ್ನ ರಾಯರಿಗೆ ಮಾರಿದ ದಿನ ವಿರುಪಾಕ್ಷಗ ಕಾಯಿ ಒಡಸಿದ್ದೆ. ಆ ರೊಕ್ಕದಾಗ ನಿಮ್ಮ ಉಂಗುರ ಮಾಡಿಸಿದ್ದು. ಎಲ್ಲೈತಿ, ತೋರಸ್ರಿ."

ಅಂದಾನಪ್ಪ ಬರಿಗೈಯನ್ನು ಬೆನ್ನ ಹಿಂದೆ ಮಡಚಿದ.

ಅಷ್ಟರಲ್ಲಿ ಕೂಸನ್ನೆತ್ತಿಕೊಂಡು ಬಂದ ಕೊಟ್ರಬಸಮ್ಮ ಗಂಡನ ಮುಖ ನೋಡಿದಳು, ಮಡಚಿದ ಕೈ ನೋಡಿದಳು. "ಸಡಲಾಗಿತ್ತು ಯಪ್ಪಾ. ಕುಬಸಕ್ಕ ಬಂದಾಗ ತಗಿಸಿ ನನ್ನ ಪೆಟಿಗ್ಯಾಗ ಇಟ್ಟೀನಿ" ಎಂದಳು.

ಅಂದಾನಪ್ಪನ ಕಣ್ಣು ತುಂಬಿ ಬಂತು. ಮುಂಜಾನೆಯಿಂದ ಎಷ್ಟೋ ಜನ ಆತನ ಉಪಕಾರ ನೆನೆದಿದ್ದರು. ಈಗ ನೆನೆಯುವ ಸರದಿ ಆತನದು. ಇಂಥ ಹೆಂಡತಿಗೆ ಏಳು ಜನ್ಮವೂ ಋಣಿ ಅಂದುಕೊಂಡ.

"ಪೆಟಿಗ್ಯಾಗ ಐತೇನು? ಭಾಳ ಚೊಲೋ ಆತು!" ಎಂದು ತೋಟಪ್ಪ ಜೇನಿನ ಬಟ್ಟಲನ್ನು ಮುಂದೆ ಚಾಚಿದ. "ಕೂಸಿಗೆ ಜೇನು ನೆಕ್ಕಸೋದಕ್ಕ ಅಪ್ಪನ ಬಂಗಾರ ಬೇಕಂತ ಎಲ್ರೂ ಕಾದಾರ. ಜಲ್ದಿ ತಾ ಯವ್ವಾ, ಆ ಉಂಗುರಾನ ಅದ್ದೋಣು."