ಗಾಜಿನ ಕೆಳಗಿನ ಅರ್ಜಿ

ಅಲ್ಲ, ಕಂಪ್ಯೂಟರ್ ಸೈನ್ಸ್ ಎಂದು ಬರೆದದ್ದು ನಾನೇ, ಅದರಲ್ಲಿ ಅನುಮಾನವಿಲ್ಲ. ಯಾಕೆ ಬರೆದೆ ಎಂಬುದು ಮಾತ್ರ ನೆನಪಿಗೆ ಬರುತ್ತಿಲ್ಲ. ಅರ್ಜಿಯ ಆ ಚೌಕ ಬಹಳ ಚಿಕ್ಕದಾಗಿತ್ತು, ಸಿ.ಎಸ್. ಎಂಬ ಎರಡಕ್ಷರ ಅದರಲ್ಲಿ ಸಲೀಸಾಗಿ ಕೂತಿತು, ಹಾಗಾಗಿ ಬರೆದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಮೊನ್ನೆ ಖಾಲಿ ಅರ್ಜಿಯೊಂದನ್ನು ತೆಗೆದು ನೋಡಿದೆ. ಆ ಚೌಕದಲ್ಲಿ ಊರಿಗೆ ಒಂದು ಕಾಗದವನ್ನೇ ಬರೆಯಬಹುದು, ಅಷ್ಟು ಅಗಲವಿದೆ. ಅರ್ಜಿಯ ನಮೂನೆಯನ್ನೇ ಆಮೇಲೆ ಬದಲಾಯಿಸಿದ್ದಾರೆ ಎಂದು ವಾದಿಸಬಹುದು. ಆದರೆ ಇಂಥ ವಾದ ಹೂಡುವವನು ಸಾಮಾನ್ಯವಾಗಿ ತಪ್ಪು ಮಾಡಿದವನೇ ಆಗಿರುತ್ತಾನೆ ಎಂಬುದು ನನ್ನ ಅನುಭವ.

ಊಟಿ ಬಳಿಯ ಕಟ್ಟಬೆಟ್ಟಿನಲ್ಲಿ ಬಸ್ ನಿಲ್ಲುವ ತಿರುವಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ನಮ್ಮ ತಾತ ಮೈಸೂರು ಸೀಮೆಯಿಂದ ಆಲೂಗಡ್ಡೆ ಬೆಳೆಯಲು ಬೆಟ್ಟ ಹತ್ತಿ ಬಂದವರು. ಅಪ್ಪ ಕ್ಯಾರೆಟ್ ಬೆಳೆದರು. ನಾನು ಕಾಗದದಿಂದ ಕಾಗದ ಬೆಳೆಯುತ್ತೇನೆ. ಇದರಲ್ಲಿ ಕಾಡೆಮ್ಮೆಯ ಕಾಟವಿಲ್ಲ. ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಒಂದು ತಿಂಗಳು ಅಂಗಡಿಯ ಮುಂದೆ ಹುಡುಗ ಹುಡುಗಿಯರ ಸಾಲು. ಅಂಕಪಟ್ಟಿ, ಟಿ.ಸಿ., ಜಾತಿ ಪ್ರಮಾಣಪತ್ರ, ಆಧಾರ್, ಎಲ್ಲದಕ್ಕೂ ಎರಡೆರಡು ಪ್ರತಿ. ಆಮೇಲೆ ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿಯ, ಅರ್ಜಿ ತುಂಬುವುದು. ಒಬ್ಬೊಬ್ಬರೂ ಅದೇ ಪ್ರಶ್ನೆ ಕೇಳುತ್ತಿದ್ದರು: ಇಲ್ಲಿ ಇನಿಷಿಯಲ್ ಮೊದಲೋ ಹೆಸರು ಮೊದಲೋ, ಗುರುತಿನ ಮಚ್ಚೆ ಎಂದರೆ ಯಾವ ಮಚ್ಚೆ, ವಿಳಾಸದಲ್ಲಿ ಅಂಚೆ ಕಚೇರಿ ಬೇಕೋ ಬೇಡವೋ. ಉತ್ತರ ಹೇಳಿ ಗಂಟಲು ಒಣಗಿ, ಕೆಲವು ವರ್ಷಗಳ ಹಿಂದೆ ನಾನೇ ಒಂದು ಅರ್ಜಿಯನ್ನು ಮೇಲಿನಿಂದ ಕೆಳಗಿನವರೆಗೆ ತುಂಬಿ ಕೌಂಟರಿನ ಗಾಜಿನ ಕೆಳಗೆ ಇಟ್ಟುಬಿಟ್ಟೆ. ಎಸ್. ಕುಮಾರ್ ಎಂಬ, ಲೋಕದಲ್ಲೇ ಇಲ್ಲದ ಒಬ್ಬ ವಿದ್ಯಾರ್ಥಿ. ತಂದೆಯ ಕೆಲಸ ಕೃಷಿ. ರಕ್ತ ಬಿ ಪಾಸಿಟಿವ್. ಎಡ ಮೊಣಕೈ ಮೇಲೆ ಮಚ್ಚೆ; ಈ ಮಚ್ಚೆ ಮಾತ್ರ ನಿಜ, ನನ್ನದೇ. ಬಯಸುವ ಗ್ರೂಪ್: ಸಿ.ಎಸ್., ಅಂದರೆ ಕಂಪ್ಯೂಟರ್ ಸೈನ್ಸ್. ಅಂದಿನಿಂದ ಪ್ರಶ್ನೆಗಳು ನಿಂತವು. ಪ್ರಶ್ನೆ ನಿಂತದ್ದನ್ನು ನಾನು ಒಂದು ಸಾಧನೆ ಎಂದು ಎಣಿಸಿದ್ದೆ.

ಈ ಗ್ರೂಪ್ ಎಂಬುದನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಹದಿನೈದು ತುಂಬಿದ ಮಕ್ಕಳು ಮುಂದಿನ ನಲವತ್ತು ವರ್ಷ ಏನು ಮಾಡುತ್ತೇವೆ ಎಂಬುದನ್ನು ಬಸ್ಸು ಬರುವುದರೊಳಗೆ ಬರೆದುಕೊಡಬೇಕಾದ ಜಾಗ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ ಬಿಟ್ಟರೆ ನರ್ಸಿಂಗ್ ಇಲ್ಲ. ಕಾಮರ್ಸ್ ಹಿಡಿದರೆ ಎರಡೂ ಇಲ್ಲ. ಇಷ್ಟೆಲ್ಲ ಇರುವ ಚೌಕದ ಬಗ್ಗೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ, ಕೇಳುತ್ತಿದ್ದದ್ದು ಮಚ್ಚೆಯ ಬಗ್ಗೆ. ಅದರಿಂದಲಾದರೂ ನನಗೆ ಏನಾದರೂ ಹೊಳೆಯಬೇಕಿತ್ತು.

ಈ ಜೂನಿನ ಒಂದು ಸೋಮವಾರ ಸಂಜೆ ನನ್ನ ಅಕ್ಕ ನಾಗಮಣಿ ಟೀ ಎಲೆ ಕಿತ್ತ ಕೈಯಲ್ಲೇ ಅಂಗಡಿಗೆ ಬಂದಳು. ಹಿಂದೆ ಅವಳ ಮಗಳು ಸುಮಾ. ಶಾಲೆಯಲ್ಲಿ ಆ ದಿನ ಪಟ್ಟಿ ಹಾಕಿದ್ದರು. ಸುಮಾಳ ಹೆಸರು ಕಂಪ್ಯೂಟರ್ ಸೈನ್ಸ್ ಗ್ರೂಪಿನಲ್ಲಿತ್ತು.

"ಏನ್ಲಾ ತಮ್ಮ, ಲೆಕ್ಕದಲ್ಲಿ ಮೂವತ್ತಾರು ತಗಂಡೋಳ್ನ ಲೆಕ್ಕದ ಗ್ರೂಪ್‌ಗೆ ಸೇರ್ಸವ್ರೆ. ಇವ್ಳು ನರ್ಸ್ ಆಯ್ತೀನಿ ಅಂತ ಊರೆಲ್ಲ ಹೇಳ್ಕಂಡು ತಿರುಗ್ತಾವ್ಳೆ. ಕಂಪ್ಯೂಟರ್‌ಗೆ ಸೂಜಿ ಚುಚ್ತಾಳಾ?"

"ಶಾಲೆಯವರ ತಪ್ಪಿರಬೇಕು ಅಕ್ಕ," ಎಂದೆ, ತಕ್ಷಣ, ಅಧಿಕಾರವಾಣಿಯಿಂದ.

"ಅವ್ರ ತಪ್ಪಲ್ಲ ಮಾವ," ಎಂದಳು ಸುಮಾ. "ನಾನೇ ಬರ್ದಿದ್ದು."

"ಯಾಕ್ ಬರ್ದೆ ಮಗ?" ಎಂದೆ.

ಅವಳು ಗಾಜಿನ ಮೇಲೆ ಬೆರಳಿಟ್ಟಳು. "ನೀನ್ ಬರ್ದಿದ್ಯಲ್ಲ."

"ಅದು ಸುಮ್ನೆ ಬರ್ದಿದ್ದು ಕಣವ್ವ. ಹೆಂಗ್ ತುಂಬ್ಬೇಕು ಅಂತ ತೋರ್ಸಾಕೆ."

"ನಂಗೇನ್ ಗೊತ್ತು? ಅಮ್ಮ ಯಾವಾಗ್ಲೂ ಹೇಳ್ತದಲ್ಲ, ಮಾವ ಕಾಗ್ದದ ವಿಷ್ಯದಲ್ಲಿ ತಪ್ಪು ಮಾಡಲ್ಲ ಅಂತ. ನರ್ಸಿಂಗ್‌ಗೂ ಇದೇ ದಾರಿ ಇರ್ಬೇಕು, ಯೋಚ್ನೆ ಮಾಡೇ ಬರ್ದಿರ್ತಾನೆ ಅಂದ್ಕಂಡೆ."

ಅಕ್ಕ ನನ್ನ ಮುಖ ನೋಡಿದಳು. "ಅವ್ಳು ಬರೀವಾಗ ನೀನೆಲ್ಲಿ ಹೋಗಿದ್ಯೋ ಮಾರಾಯ?"

ನಾನು ಅಲ್ಲೇ ಇದ್ದೆ, ಎರಡಡಿ ದೂರದಲ್ಲಿ ಯಾರದೋ ಪಡಿತರ ಚೀಟಿಗೆ ಲ್ಯಾಮಿನೇಷನ್ ಹಾಕುತ್ತಿದ್ದೆ. ಅದರಲ್ಲಿ ಒಂದೂ ಗುಳ್ಳೆ ಏಳದಂತೆ ನೋಡಿಕೊಂಡಿದ್ದೆ.

ಸುಮಾಳಿಗೆ ನರ್ಸ್ ಆಗುವ ಆಸೆ ಬಂದದ್ದು ನಮ್ಮ ಅಮ್ಮನ ಕಾಲಿನ ಹುಣ್ಣಿಗೆ ದಿನವೂ ಪಟ್ಟಿ ಕಟ್ಟುತ್ತಾ ಕಟ್ಟುತ್ತಾ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ಬರೆಯಲು ಹೊರಟಿದ್ದೆ, ಓದುವವರಿಗೂ ಹಿತವಾಗಿರುತ್ತದೆ. ಆದರೆ ನನಗೆ ನೆನಪಿರುವಂತೆ ಪಟ್ಟಿ ಕಟ್ಟುತ್ತಿದ್ದದ್ದು ಅಕ್ಕ. ಸುಮಾ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಅಥವಾ ಬಾಗಿಲ ಬಳಿ ನಿಂತಿದ್ದವನು ನಾನೇ ಇರಬಹುದು. ಆಸೆ ಎಲ್ಲಿಂದ ಬಂತೋ ಬಿಡಿ, ಇತ್ತು. ಮೂರು ವರ್ಷದಿಂದ ಅವಳು ಬೇರೆ ಏನನ್ನೂ ಕೇಳಿರಲಿಲ್ಲ.

ಮಂಗಳವಾರ ಅಂಗಡಿಗೆ ಬೀಗ ಹಾಕಿ ಅವಳನ್ನು ಕರೆದುಕೊಂಡು ಶಾಲೆಗೆ ಹೋದೆ. ಪ್ರವೇಶ ನೋಡಿಕೊಳ್ಳುವ ಟೀಚರಮ್ಮ ಬೆಟ್ಟದ ಕೆಳಗಿನ ಬಯಲುಸೀಮೆಯಿಂದ ಬಂದವರು, ಜೂನಿನಲ್ಲೂ ಸ್ವೆಟರಿನ ಮೇಲೊಂದು ಶಾಲು ಹೊದ್ದಿದ್ದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದಾರಿಯಲ್ಲಿ ಏನಾದರೂ ಉದುರಿಹೋಗಿದ್ದರೆ, ಅದು ನನಗೆ ಅನುಕೂಲವಾದದ್ದಂತೂ ಇರಲಿಕ್ಕಿಲ್ಲ.

"ಓಹೋ, ಬಸ್ ಸ್ಟಾಪ್ ಜೆರಾಕ್ಸ್‌ನವರು ನೀವೇನಾ?" ಎಂದರು. "ಬಹಳ ದಿನದಿಂದ ನಿಮ್ಮನ್ನು ನೋಡಬೇಕು ಅಂತಿದ್ದೆ. ನಿಮ್ಮೂರ ಮಕ್ಕಳ ಅರ್ಜಿ ನೋಡಿದರೆ ಎಲ್ಲರಿಗೂ ಎಡ ಮೊಣಕೈ ಮೇಲೆ ಮಚ್ಚೆ ಇದೆ. ಅರ್ಧ ಊರಿಗೆ ಬಿ ಪಾಸಿಟಿವ್ ರಕ್ತ. ಬಸ್ ಕಂಡಕ್ಟರ್ ಮಗಳು ಕೂಡ ಅಪ್ಪನ ಕೆಲಸ ಕೃಷಿ ಅಂತ ಬರೆದಿದ್ದಾಳೆ. ಒಂದೇ ವಂಶದವರಿರಬೇಕು ಅಂತ ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು."

ನಾನು ನಕ್ಕೆ. ನಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಎಡಗೈಯನ್ನು ಮಾತ್ರ ಮೇಜಿನ ಕೆಳಗೆ ಇಳಿಸಿಕೊಂಡೆ.

"ಮಚ್ಚೆ ಇದೆಯಾ ಇಲ್ಲವಾ ಅಂತ ನಾವು ತೋಳು ಎತ್ತಿಸಿ ನೋಡೋದಿಲ್ಲ," ಎಂದು ಅವರು ಮುಂದುವರಿಸಿದರು, ಈಗ ನಗದೆ. "ಗ್ರೂಪ್ ಕೂಡ ಹಾಗೇ. ಮಕ್ಕಳು ಕೇಳಿದ್ದಾರೆ, ಸೀಟಿದೆ, ಕೊಟ್ಟಿದ್ದೇವೆ. ಈ ಕಡೆಯವರಿಗೆ ಗಣಿತ ಎಂದರೆ ಪ್ರಾಣ ಎಂದುಕೊಂಡಿದ್ದೆ. ಪ್ಲಸ್ ಟೂನಲ್ಲಿ ಅದೇ ಗಣಿತದಲ್ಲಿ ಸಾಲಾಗಿ ಫೇಲಾಗುತ್ತಾರಲ್ಲ, ಅದೇ ನನಗೆ ಅರ್ಥ ಆಗುತ್ತಿರಲಿಲ್ಲ."

ಆ ಸಾಲು ನನಗೆ ಅರ್ಥವಾಯಿತು. ಮರುಪರೀಕ್ಷೆಯ ಅರ್ಜಿಗೆ ಅವರೆಲ್ಲ ಬರುವುದೂ ನನ್ನ ಅಂಗಡಿಗೇ. ನಾನು ಪ್ರತಿಯೊಬ್ಬರಿಗೂ ಧೈರ್ಯ ಹೇಳಿ ಕಳಿಸುತ್ತಿದ್ದೆ.

ಸುಮಾಳಿಗೆ ಬೇಕಾದದ್ದು ಗಣಿತವಿಲ್ಲದ, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಇರುವ ಪ್ಯೂರ್ ಸೈನ್ಸ್ ಗ್ರೂಪ್. ಅದು ಭರ್ತಿಯಾಗಿತ್ತು. "ಶನಿವಾರದವರೆಗೆ ಸಮಯವಿದೆ. ಅಷ್ಟರಲ್ಲಿ ಯಾರಾದರೂ ಒಬ್ಬರು ಬಿಟ್ಟರೆ ಇವಳಿಗೆ ಕೊಡುತ್ತೇನೆ. ಬಿಡದಿದ್ದರೆ ನನ್ನ ಕೈಲಿ ಏನೂ ಇಲ್ಲ. ಬದಲಾವಣೆಗೆ ಕಾರಣ ಬರೆದು ಒಂದು ಪತ್ರ ಕೊಡಿ," ಎಂದರು. ಊರಿನ ಸಮಸ್ತರಿಗೂ ತಹಸೀಲ್ದಾರರಿಗೆ, ವಿದ್ಯುತ್ ಮಂಡಳಿಗೆ, ಅರಣ್ಯ ಇಲಾಖೆಗೆ ಕಾರಣ ಬರೆದುಕೊಡುವವನು ನಾನು. ಅಂದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಕೊನೆಗೆ ಸುಮಾ ಕಾಗದವನ್ನು ತನ್ನ ಕಡೆ ಎಳೆದುಕೊಂಡು 'ತಪ್ಪಾಗಿ ಬರೆದೆ' ಎಂದು ಒಂದೇ ಸಾಲು ಬರೆದಳು. ಯಾರು ತಪ್ಪಾಗಿ ಬರೆದದ್ದು ಎಂಬುದನ್ನು ಅವಳು ಬಿಡಿಸಿ ಹೇಳಲಿಲ್ಲ.

ಆ ವಾರ ಅವಳು ದಿನವೂ ಶಾಲೆಗೆ ಹೋಗಿ ಕಂಪ್ಯೂಟರ್ ಸೈನ್ಸ್ ತರಗತಿಯಲ್ಲಿ ಕೂತು ಬಂದಳು. ಸಂಜೆ ಬಸ್ಸಿಳಿದು ಅಂಗಡಿಯ ಮುಂದೆಯೇ ಹೋಗಬೇಕು. "ಯಾರಾದ್ರೂ ಬಿಟ್ರಾ?" ಎಂದು ನಾನು ಕೇಳುವುದು, ಇಲ್ಲವೆಂದು ಅವಳು ತಲೆಯಾಡಿಸುವುದು. ಗುರುವಾರ ಕೇಳುವ ಧೈರ್ಯವಾಗದೆ ಯಂತ್ರದ ಬಾಗಿಲು ತೆಗೆದು ಒಳಗೆ ತಲೆ ಹಾಕಿಕೊಂಡೆ. ಒಬ್ಬ ಹುಡುಗಿ ಓದು ಬಿಡಲಿ, ಯಾರ ಅಪ್ಪನಿಗಾದರೂ ವರ್ಗವಾಗಲಿ, ಯಾರದ್ದಾದರೂ ಮನೆ ಊಟಿಗೆ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಇಂಥ ಬೇಡಿಕೆಯನ್ನು ಯಾವ ದೇವರ ಮುಂದಿಡುವುದು ಎಂದು ತಿಳಿಯದೆ ಯಾರ ಹೆಸರನ್ನೂ ಹೇಳಲಿಲ್ಲ.

ಶುಕ್ರವಾರ ಒಂದು ಸೀಟು ತೆರವಾಯಿತು. ಶನಿವಾರ ಟೀಚರಮ್ಮ ಸಹಿಗೆ ಕರೆದರು. ನಾನು ಪ್ರತಿಯೊಂದು ಪದವನ್ನೂ ಎರಡೆರಡು ಸಲ ಓದಿ, ಪೋಷಕರ ಜಾಗದಲ್ಲಿ ಅಕ್ಕನ ಕೈಲಿ ಸಹಿ ಹಾಕಿಸಿದೆ. "ಅದೃಷ್ಟ ನಿಮ್ಮದು," ಎಂದರು ಟೀಚರಮ್ಮ. "ಒಬ್ಬಳು ತಾನಾಗಿಯೇ ಬಿಟ್ಟಳು. ಒಳ್ಳೆಯ ಹುಡುಗಿ, ವಿಜ್ಞಾನದಲ್ಲಿ ಇವಳಿಗಿಂತ ಜಾಸ್ತಿ ಅಂಕ. ಇದ್ದಕ್ಕಿದ್ದಂತೆ ಕಂಪ್ಯೂಟರ್ ಸೈನ್ಸ್ ಬೇಕು ಅಂತ ನಿನ್ನೆ ಬೆಳಿಗ್ಗೆ ಅರ್ಜಿಯನ್ನು ಹೊಸದಾಗಿ ತುಂಬಿಕೊಂಡು ಬಂದಳು."

ಆ ಹುಡುಗಿಯ ಕಾಗದಗಳು ಮೇಜಿನ ಮೇಲೇ ಇದ್ದವು. ಅಂಕಪಟ್ಟಿಯ ಪ್ರತಿಯ ಅಂಚಿನಲ್ಲಿ ಉದ್ದಕ್ಕೂ ಒಂದು ಸಣ್ಣ ಕಪ್ಪು ಗೆರೆ. ನನ್ನ ಯಂತ್ರದ ಡ್ರಮ್ ಗೀರಿದಾಗಿನಿಂದ ನಾನು ಕೊಡುವ ಪ್ರತಿಗಳಲ್ಲೆಲ್ಲ ಆ ಗೆರೆ ಬೀಳುತ್ತದೆ. ಅಕ್ಕ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. "ಹೋಗ್ಲಿ ಬಿಡು ತಮ್ಮ, ಕೊನೇಗೂ ನೀನೇ ಮಾಡಿಸ್ಕೊಟ್ಟೆ," ಎಂದಳು.

ಗಾಜಿನ ಕೆಳಗಿನ ಆ ಅರ್ಜಿಯನ್ನು ನಾನು ಸೋಮವಾರ ಸಂಜೆಯೇ, ಅಕ್ಕ ಹೋದ ತಕ್ಷಣ ಕಿತ್ತೆಸೆದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಕಿತ್ತ ಸದ್ದು ಕೂಡ ನನಗೆ ನೆನಪಿದೆ. ಆದರೆ ಗುರುವಾರ ಸಂಜೆಯೂ ಅದು ಅಲ್ಲೇ ಇತ್ತು, ನಾನು ಯಂತ್ರದೊಳಗೆ ತಲೆ ಹಾಕಿದ್ದೆ, ಗಾಜಿನ ಮುಂದೆ ಯಾರೋ ಇಬ್ಬರು ನಿಂತು ಬರೆಯುತ್ತಿದ್ದರು ಎಂದು ಸುಮಾ ಹೇಳುತ್ತಾಳೆ. ಗೆರೆಯ ಪ್ರತಿ ಆ ಹುಡುಗಿ ಮೇ ತಿಂಗಳಿನಲ್ಲೇ ಮಾಡಿಸಿಟ್ಟುಕೊಂಡದ್ದೂ ಇರಬಹುದು. ಅವಳಿಗೆ ಕಂಪ್ಯೂಟರ್ ನಿಜವಾಗಿಯೂ ಇಷ್ಟವಿರಬಹುದು. ಅವಳು ಯಾವ ಹಟ್ಟಿಯವಳು ಎಂದು ಟೀಚರಮ್ಮನನ್ನು ಕೇಳಬಹುದಿತ್ತು, ಕೇಳಲಿಲ್ಲ. ನಾನು ಅದನ್ನು ಕಿತ್ತದ್ದು ಸೋಮವಾರವೋ ಗುರುವಾರ ಕಳೆದ ಮೇಲೋ, ನನಗೆ ಗೊತ್ತಿಲ್ಲ.