ಕಾಕಾನ ಪ್ರೀಆಂಪು, ವಾಲ್ವಿನ ಚುನಾವಣೆ

ರೇಡಿಯೋ ದುರಸ್ತಿಯ ಅಂಗಡಿ ಇಟ್ಟವನು ನಗಲಿಕ್ಕೆಂದು ನಾಟಕಕ್ಕೆ ಹೋಗಬೇಕಾಗಿಲ್ಲ. ಕೆಟ್ಟ ಸಾಮಾನು ಹೊತ್ತುಕೊಂಡು ಶಾಣ್ಯಾ ಜನ ತಾವಾಗಿಯೇ ಬರುತ್ತಿರುತ್ತಾರೆ. ಸಾಂಗಲಿಯ ನನ್ನ ಅಂಗಡಿಗೆ ಹಾಗೆ ಬಂದವರಲ್ಲಿ ನನ್ನ ಸ್ವಂತ ಕಾಕಾನನ್ನು ಮೀರಿಸಿದವರು ಇನ್ನೂ ಹುಟ್ಟಿಲ್ಲ.

ಎರಡು ಸೊಸೈಟಿ

ಆಗ ನಮ್ಮ ಕಡೆ ಸಹಕಾರದ ಜ್ವರ ಏರಿತ್ತು. ಸಕ್ಕರೆಗೊಂದು ಸೊಸೈಟಿ, ಹಾಲಿಗೊಂದು, ನೂಲಿಗೊಂದು. ನಾಲ್ಕು ಜನ ಚಹಾದಂಗಡಿಯ ಬಾಕಿನ ಮೇಲೆ ಕೂತರೆ, ಚಹಾ ಬರುವುದರೊಳಗೆ ಅವರಲ್ಲೊಬ್ಬ ಚೇರ್ಮನ್ ಆಗಿರುತ್ತಿದ್ದ. ಅರಿಶಿನದ ವ್ಯಾಪಾರಿಯಾದ ನಮ್ಮ ಕಾಕಾನಿಗೆ ಮಾತ್ರ ಯಾವ ಸೊಸೈಟಿಯಲ್ಲೂ ಖುರ್ಚಿ ಸಿಗಲಿಲ್ಲ. ಅದಕ್ಕೇ ಅವರು ತಮ್ಮ ಮಾಳಿಗೆಯ ಖೋಲಿಯಲ್ಲಿ ಹಾಡು ಕೇಳುವವರ ಸೊಸೈಟಿ ತೆಗೆದು, ತಾವೇ ಚೇರ್ಮನ್ ಆದರು. ಮಿರಜಿನ ಕಿವಿ ಡಾಕ್ಟರರು ವೈಸ್ ಚೇರ್ಮನ್. ಮಿರಜಿನಲ್ಲೇ ತಂಬೂರಿ ಮಾಡುವ ಒಬ್ಬ ಚಾಚಾ ಸದಸ್ಯರು. ಬೈಸಿಕೊಳ್ಳಲಿಕ್ಕೆ ನಾನು.

ಕಾಕಾನಿಗೆ ಪ್ರೀಆಂಪ್ ಬೇಕಾಗಿತ್ತು. ರೆಕಾರ್ಡಿನ ಮೇಲೆ ಓಡುವ ಸೂಜಿಯಿಂದ ಬರುವ ಸದ್ದು ಸೊಳ್ಳೆಯಷ್ಟೇ ಇರುತ್ತದೆ. ಅದನ್ನು ದೊಡ್ಡ ಆಂಪ್ಲಿಗೆ ಕೊಡುವ ಮೊದಲು ಒಂದಿಷ್ಟು ಬೆಳೆಸುವ ಪೆಟ್ಟಿಗೆ ಇದು. ಬೆಳೆಸುವ ಕೆಲಸ ಒಳಗಿನ ಗಾಜಿನ ವಾಲ್ವಿನದು. ಎಂಬತ್ಮೂರು ನಂಬರಿನ ವಾಲ್ವು ಹಾಕಿದರೆ ಹಾಡು ಬಹಳ ಬೆಳೆಯುತ್ತದೆ, ಜೊತೆಗೆ ಗುಂಯ್ ಸದ್ದೂ ಬೆಳೆಯುತ್ತದೆ. ಎಂಬತ್ತೆರಡು ಹಾಕಿದರೆ ಬೆಳೆಯುವುದು ಕಡಿಮೆ, ಆದರೆ ಸದ್ದು ಸ್ವಚ್ಛ. ಬಾಯಿ ಮುಚ್ಚಿಕೊಂಡು ಯಾವುದೋ ಒಂದನ್ನು ಹಾಕಿದ್ದರೆ ಮುಗಿದೇ ಹೋಗುತ್ತಿತ್ತು. ನಾನು ಹೋಗಿ ಹೋಗಿ, "ಯಾವುದು ಹಾಕಲಿ ಕಾಕಾ?" ಎಂದು ಕೇಳಿಬಿಟ್ಟೆ.

"ಹಂಗ ಹೆಂಗ ಹೇಳಾಕ ಬರತೈತಿ? ಮೀಟಿಂಗಿನ್ಯಾಗ ಕೈ ಎತ್ತಿ ಠರಾವ್ ಆಗಬೇಕು," ಎಂದರು ಕಾಕಾ.

ಸಂಜೆಯೊಳಗೆ ಎರಡು ಪ್ಯಾನೆಲ್ ಎದ್ದವು. ಎಂಬತ್ಮೂರಕ್ಕೆ ಕಾಕಾ ಮುಖಂಡರು, ಎಂಬತ್ತೆರಡಕ್ಕೆ ಡಾಕ್ಟರರು. ವಾದ ಬೆಳೆದು ಕೆಳಗಿನ ಪಡಸಾಲೆಗೂ ಕೇಳಿಸಿತು. ಅಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕುವಿನ ಹಪ್ಪಳದ ಮಹಿಳಾ ಸೊಸೈಟಿ ಇತ್ತು. ಹೆಂಗಸರು ಹೆಚ್ಚಾಗಿ, ಕೂಡಲು ಜಾಗ ಸಾಲದಾಗಿತ್ತು. ಕಾಕು ಮೆಟ್ಟಿಲೇರಿ ಬಂದರು.

"ರವಿವಾರದೊಳಗ ನಿಮ್ಮ ಬಲ್ಬು ಯಾವುದಂತ ಠರಾವ್ ಆಗಲಿಲ್ಲಂದ್ರ ಈ ಖೋಲಿ ನಮಗ ಬೇಕು. ನಮ್ಮ ಸೊಸೈಟಿಯೊಳಗ ಹಪ್ಪಳ ಆಗ್ತಾವ. ನಿಮ್ಮ ಸೊಸೈಟಿಯೊಳಗ ಏನ್ ಆಗತೈತಿ?"

ಕಾಕಾ ಸ್ವಲ್ಪ ವಿಚಾರ ಮಾಡಿ, "ಮೀಟಿಂಗ್ ಆಗತಾವ," ಎಂದರು.

ತಬಲಾದವನ ಕೈ

ಖೋಲಿ ಹೋದರೆ ಚೇರ್ಮನ್‌ಗಿರಿಯೂ ಹೋಯಿತು ಎಂಬುದು ಕಾಕಾನಿಗೆ ಗೊತ್ತಿತ್ತು. ಮರುದಿನವೇ ತಮ್ಮ ಎಂಬತ್ಮೂರನ್ನು ಹಾಕಿಸಿ ಎಲ್ಲರನ್ನೂ ಕರೆಸಿದರು. ಆ ವಾಲ್ವಿಗೊಂದು ಚಟವಿತ್ತು. ಪೆಟ್ಟಿಗೆ ಒಂಚೂರು ಅಲುಗಿದರೂ ಸ್ಪೀಕರಿನಲ್ಲಿ ಢಬ್ ಎನ್ನುತ್ತಿತ್ತು. ಹಾಡು ಶುರುವಾಯಿತು. ಅದೇ ಹೊತ್ತಿಗೆ ಕೆಳಗೆ ಹೆಂಗಸರು ಹಪ್ಪಳದ ಹಿಟ್ಟು ಕುಟ್ಟತೊಡಗಿದರು. ನೆಲ ನಡುಗಿತು, ಪೆಟ್ಟಿಗೆ ನಡುಗಿತು, ಸ್ಪೀಕರಿನಿಂದ ಢಬ್ ಢಬ್ ಬಂತು.

"ಕೇಳ್ರಿ ಡಾಕ್ಟರ್, ಕೇಳ್ರಿ. ತಬಲಾದವನ ಕೈಯಾಗ ಎಷ್ಟು ವಜನ ಐತಿ ನೋಡ್ರಿ. ನಿಮ್ಮ ಎಂಬತ್ತೆರಡರಾಗ ಇದು ಕೇಳೀತೇನು?"

ಡಾಕ್ಟರರ ಮುಖ ಇಳಿಯಿತು. "ಲಯ ಪಕ್ಕಾ ಐತಿ, ಒಪ್ಪಬೇಕಾದ ಮಾತು," ಎಂದರು. ಚಾಚಾ ತೊಡೆಯ ಮೇಲೆ ತಾಳ ಹಾಕಿದರು. ಕಾಕಾ ಗೆದ್ದೇಬಿಟ್ಟೆ ಎಂದು ಮೀಸೆ ತಿರುವಿದರು.

ಹಾಡು ಮುಗಿಯಿತು. ನಾನು ಸೂಜಿ ಎತ್ತಿಟ್ಟೆ. ತಬಲಾ ನಡೆದೇ ಇತ್ತು.

ರಾಜೀ

ನಮ್ಮ ಭಾಗದಲ್ಲಿ ಎರಡು ಪ್ಯಾನೆಲ್ ಜಗಳಾಡಿದರೆ ಕೊನೆಗೆ ಹಿರಿಯರು ಕೂಡಿ ಖುರ್ಚಿ ಹಂಚಿಕೊಡುವುದು ರೂಢಿ. ಇಲ್ಲಿ ಹಿರಿಯರು ಎಂದರೆ ಚಾಚಾ. ಎರಡು ಸ್ಪೀಕರ್, ಒಂದೊಂದಕ್ಕೆ ಒಂದೊಂದು ವಾಲ್ವು ಎಂಬುದನ್ನು ನನ್ನಿಂದ ತಿಳಿದುಕೊಂಡು ಅವರು ತೀರ್ಪು ಕೊಟ್ಟರು.

"ಡಾವೀ ಕಡೆ ಚೇರ್ಮನ್ನರದು, ಉಜವೀ ಕಡೆ ಡಾಕ್ಟರರದು. ಇಬ್ಬರ ಇಜ್ಜತ್ತೂ ಉಳಿತೈತಿ."

ಡಾವೀ ಎಂದರೆ ಎಡ, ಉಜವೀ ಎಂದರೆ ಬಲ. ಹಾಗೆ ಹಾಕಿದರೆ ಎಡಕ್ಕೆ ಜೋರು, ಬಲಕ್ಕೆ ಮೆಲ್ಲಗೆ ಆಗುತ್ತದೆಂದು ನಾನು ಅಂಗಲಾಚಿದೆ. ಠರಾವಿನ ಮುಂದೆ ವಿದ್ಯೆ ನಡೆಯಲಿಲ್ಲ. ಕಾಕಾ ಎಡಗೋಡೆಗೆ ಒರಗಿ ಕೂತರು, ಡಾಕ್ಟರರು ಬಲಗೋಡೆಗೆ. ರೆಕಾರ್ಡ್ ಹಚ್ಚಿದೆ. ಎರಡು ಸ್ಪೀಕರಿನ ನಡುವೆ ಕೂತು ಹಾಡಿದಂತೆ ಕೇಳಬೇಕಾದ ಗವಯಿ ಸಾಮಾನು ಸಮೇತ ಎಡಕ್ಕೆ ಹೋಗಿ ಕಾಕಾನ ಮಗ್ಗುಲಲ್ಲಿ ಕೂತು ಹಾಡತೊಡಗಿದ. ಬಲಗಡೆ ಸಣ್ಣದಾಗಿ ಯಾರೋ ಮನೆಯ ಹೊರಗೆ ಗೊಣಗಿದಷ್ಟೇ ಕೇಳುತ್ತಿತ್ತು.

ಡಾಕ್ಟರರು ಎದ್ದು ನಿಂತರು. "ಚೇರ್ಮನ್ ಸಾಹೇಬ್ರ, ಇದು ಛಲೋ ಅಲ್ಲ. ಗವಯೀನೂ ನಿಮ್ಮ ಪಾರ್ಟಿಗೆ ಎಳಕೊಂಡ್ರಿ."

ಅವಿರೋಧ

ರವಿವಾರ ಬಂತು. ಖೋಲಿ ಕೈಬಿಡುವ ಹೊತ್ತು. ಕಾಕಾನಿಗೆ ಎರಡು ದಿನದಿಂದ ಊಟ ರುಚಿಸಿರಲಿಲ್ಲ. ನನಗೂ ಅವರ ಮೇಲೆ ಕನಿಕರ ಬಂದು, ಎಂಬತ್ತೊಂದು ನಂಬರಿನ ವಾಲ್ವು ತಂದೆ. ಬೆಳೆಸುವುದರಲ್ಲಿ ಅದು ಎರಡರ ನಡುವಿನದು. ಯಾವ ಪ್ಯಾನೆಲ್‌ಗೂ ಸೇರದ ಉಮೇದುವಾರ.

ಚಾಚಾ, "ಕೊಡು ಇಲ್ಲೆ, ಪರೀಕ್ಷಾ ಮಾಡ್ತೀನಿ," ಎಂದು ಇಸಿದುಕೊಂಡರು. ತಂಬೂರಿಗೆ ಕುಂಬಳಕಾಯಿ ಆರಿಸುವವರು ಬೆರಳಿನಿಂದ ಬಡಿದು ನೋಡುತ್ತಾರೆ. ಅವರು ಅದನ್ನೂ ಹಾಗೇ ಬೆರಳಿನಿಂದ ಬಡಿದರು. ಸಮಾಧಾನವಾಗದೆ ಮೇಜಿನ ಅಂಚಿಗೂ ಎರಡು ಸಲ ಬಡಿದರು. "ಟಣ್ ಅಂತೈತಿ. ಪಕ್ಕಾ ಮಾಲು."

ಮತ್ತೆ ಜಗಳವಾಗಬಾರದೆಂದು ಒಂದೇ ಸ್ಪೀಕರ್ ಇಟ್ಟು, ಕಾಕುವನ್ನೇ ಪಂಚರನ್ನಾಗಿ ಕೂಡಿಸಿದೆವು. ಮೊದಲು ಎಂಬತ್ಮೂರು. "ಗದ್ದಲ," ಎಂದರು ಕಾಕು. ಆಮೇಲೆ ಎಂಬತ್ತೆರಡು. "ಇದೂ ಗದ್ದಲನ. ಸಣ್ಣ ಗದ್ದಲ."

ಎಂಬತ್ತೊಂದು ಹಾಕಿದೆ. ವಾಲ್ವು ಕಾಯಲಿಕ್ಕೆ ಸ್ವಲ್ಪ ಹೊತ್ತು ಬೇಕು, ಎಲ್ಲರೂ ಕಾದರು. ರೆಕಾರ್ಡ್ ತಿರುಗಿತು. ಸದ್ದಿಲ್ಲ. ಬಗ್ಗಿ ನೋಡಿದೆ. ಒಳಗಿನ ತಂತಿ ಕೆಂಪಗಾಗಿರಲಿಲ್ಲ. ಚಾಚಾನ ಪರೀಕ್ಷೆಗೆ ಅದು ಪ್ರಾಣ ಬಿಟ್ಟಿತ್ತು. ಹೇಳಬೇಕೆಂದು ತಲೆಯೆತ್ತಿದರೆ, ಡಾಕ್ಟರರು ಕಣ್ಣು ಮುಚ್ಚಿ ತಲೆದೂಗುತ್ತಿದ್ದಾರೆ.

"ವ್ಹಾ. ಗುಂಯ್ ಅನ್ನೋದು ಒಂಚೂರೂ ಇಲ್ಲ."

ಕಿವಿ ಡಾಕ್ಟರರಿಗೆ ಕೇಳಿದ್ದು ತಮಗೆ ಕೇಳಲಿಲ್ಲವೆಂದರೆ ಚೇರ್ಮನ್‌ಗಿರಿಯ ಮರ್ಯಾದೆ ಏನಾಗಬೇಕು? ಕಾಕಾನೂ ಕಣ್ಣು ಮುಚ್ಚಿದರು. "ಆಲಾಪ ಭಾಳ ನಾಜೂಕ ಹಿಡಿದಾನ." ಚಾಚಾ ಇಬ್ಬರ ಮುಖವನ್ನೂ ನೋಡಿ, "ನಾ ಆಗಳೇ ಹೇಳಿದ್ನಲ್ಲ," ಎಂದರು. ನಾನು ತೆರೆದ ಬಾಯಿ ಮುಚ್ಚಿದೆ.

"ಹಂಗಾದ್ರ ಎಂಬತ್ತೊಂದು ಅವಿರೋಧ," ಎಂದು ಕಾಕಾ ಕೈಯೆತ್ತಿದರು. ಎಲ್ಲರ ಕೈಗಳೂ ಎದ್ದವು. ಎಲ್ಲರಿಗಿಂತ ಎತ್ತರಕ್ಕೆ ಎದ್ದದ್ದು ಕಾಕುವಿನ ಕೈ.

"ಪಾಸ್ ಆತಲ್ಲ? ಇನ್ನ ಯಾರೂ ಬದಲ ಮಾಡಂಗಿಲ್ಲ," ಎಂದು ಕಾಕು ಎದ್ದರು. "ಖೋಲಿ ನಿಮಗಽ ಇರಲಿ. ನೀವು ದಿನಾ ಇದನ್ನ ಹಚ್ಚಿ ಆ ಗ್ವಾಡಿ ಕಡೆ ಕುಂದರ್ರಿ." ಆಮೇಲೆ ಮೆಟ್ಟಿಲ ಬಳಿ ಹೋಗಿ ಕೆಳಗೆ ಬಗ್ಗಿ ಹಪ್ಪಳದ ಹೆಂಗಸರಿಗೆ ಕೂಗಿದರು: "ಮಾವಶಿ, ಹಿಟ್ಟು, ಮಣಿ, ಲಟ್ಟಣಿಗಿ ಎಲ್ಲಾ ಮ್ಯಾಲ ತರ್ರಿ. ಇಲ್ಲಿ ಹಾಡು ನಡದೈತಿ, ಏನೂ ಗದ್ದಲಿಲ್ಲ."