ಬೋಳುತಲೆಗೆ ಬಂದ ಸಂಬಂಧ

ಎಲ್ಲ ಅನಾಹುತಕ್ಕೂ ಮೂಲ ಒಂದು ಬೂದುಗುಂಬಳಕಾಯಿ. ಮುಂಡಾಜೆಯ ಗಣೇಶಪ್ರಸಾದ ಭಟ್ಟ ಅದನ್ನು ಅಂಗಡಿಯಲ್ಲಿ ನೂಲು ಹಿಡಿದು ಸುತ್ತಳತೆ ನೋಡಿ ಆರಿಸಿ ತಂದಿದ್ದ. ಬೆಳಗ್ಗೆ ಎದ್ದು ಅಡುಗೆಮನೆಗೆ ಬರುವಾಗ ಆ ಕಾಯಿ ತುರಿಯಾಗಿ ಬಾಣಲೆ ಸೇರಿ, ತುಪ್ಪದಲ್ಲಿ ಕಾಶಿ ಹಲ್ವ ಆಗುತ್ತಿತ್ತು.

"ಅಮ್ಮಾ, ಅದು ಸುಬ್ಬಯ್ಯ ಶೆಟ್ರ ತಲೆ!"

"ಯಾರ ತಲೆಯೂ ಆಗ್ಲಿ," ಅನ್ನಪೂರ್ಣೇಶ್ವರಿಯಮ್ಮ ಸೌಟು ನಿಲ್ಲಿಸಲಿಲ್ಲ. "ನಾಲ್ಕು ಗಂಟೆಗೆ ಹುಡುಗಿ ಕಡೆಯವರು ಬರ್ತಾರೆ. ಬರೀ ಅವಲಕ್ಕಿ ಕೊಟ್ಟು ಕೂರಿಸ್ಲಿಕ್ಕೆ ಆಗ್ತದಾ?"

ಗಣೇಶಪ್ರಸಾದ ಹಗಲು ಸಹಕಾರಿ ಸಂಘದಲ್ಲಿ ಗುಮಾಸ್ತ. ಉಳಿದ ಹೊತ್ತು ಊರಿನ ನಾಟಕ ತಂಡಕ್ಕೆ ಮೂಗು, ಗಾಯ, ಸುಟ್ಟ ಕಲೆ, ನರಹುಲಿ ತಯಾರಿಸುವ ಕಲಾವಿದ. ಎಲ್ಲವೂ ರಬ್ಬರ್ ಹಾಲಿನಲ್ಲಿ, ಎಲ್ಲವೂ ಅಡುಗೆಮನೆಯ ಮೂಲೆಯಲ್ಲಿ. ಒಮ್ಮೆ ಅಮ್ಮ ಫ್ರಿಜ್ಜಿನಿಂದ ಮೊಸರು ತೆಗೆಯಲು ಹೋಗಿ ತುಂಡಾದ ಬೆರಳು ಹಿಡಿದು ಕಿರುಚಿದ ಮೇಲೆ, ಬೆರಳುಗಳಿಗೆ ಬೇರೆ ಡಬ್ಬಿಯ ವ್ಯವಸ್ಥೆಯಾಗಿತ್ತು.

ಹೆಣ್ಣು ನೋಡುವ ಶಾಸ್ತ್ರ ಈಗ ತಿರುಗುಮುರುಗಾಗಿದೆ. ಹುಡುಗಿ ಕಡೆಯವರೇ ಬಂದು ಗಂಡನ್ನೂ ಮನೆಯನ್ನೂ ಬಚ್ಚಲನ್ನೂ ನೋಡಿ, ಫೋನ್ ಮಾಡ್ತೇವೆ ಎಂದು ಹೋಗುತ್ತಾರೆ. ಹಾಗೆ ಹೋದವರ ಫೋನಿಗೆ ಕಾದು ಕಾದು ಗಣೇಶಪ್ರಸಾದನಿಗೆ ಮೂವತ್ತೇಳು ದಾಟಿತ್ತು. ಆದರೆ ಈ ಸಲದ ಮಾತೇ ಬೇರೆ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುವ ಶರಣ್ಯಾಳ ಫೋಟೋ ನೋಡಿದ ದಿನದಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಈ ಸಂಬಂಧ ತಪ್ಪಿದರೆ ತನಗೆ ಮದುವೆಯೇ ಬೇಡ ಎಂದು ಒಳಗೊಳಗೇ ತೀರ್ಮಾನಿಸಿದ್ದ.

ತೊಡಕು ಒಂದೇ. ಹುಡುಗಿಯ ಸೋದರಮಾವ, ವಿಟ್ಲದವರು, ನಾಟಕದವರೆಂದರೆ ಉರಿದು ಬೀಳುವವರು. ಅವರ ತಮ್ಮನೊಬ್ಬ ತಂಡದ ಹಿಂದೆ ಹೋದವನು ಮನೆಯ ದಾರಿಯನ್ನೇ ಮರೆತಿದ್ದನಂತೆ. ಆದ್ದರಿಂದ ಅಮ್ಮ ಆ ವಾರವಿಡೀ ಮನೆಯ ಮೂಗುಗಳನ್ನೆಲ್ಲ ಗೋಣಿಗೆ ತುಂಬಿ ಕೊಟ್ಟಿಗೆಗೆ ಸಾಗಿಸಿದ್ದರು.

ಅಷ್ಟರಲ್ಲಿ ಪಕ್ಕದ ಮನೆಯ ಸುಬ್ಬಯ್ಯ ಶೆಟ್ಟರು ತಮ್ಮ ತೋಟದ ರಬ್ಬರ್ ಹಾಲಿನ ಕ್ಯಾನು ಹಿಡಿದು ಬಂದರು. ಆ ಸಂಜೆ ಮೂಡುಬಿದಿರೆಯಲ್ಲಿ ನಾಟಕ, ಶೆಟ್ಟರದ್ದು ಬೋಳುತಲೆಯ ಜಿಪುಣ ಸಾಹುಕಾರನ ಪಾತ್ರ. ಆದರೆ ಅವರ ಸ್ವಂತ ತಲೆಯಲ್ಲಿ ಕುರುಚಲು ಕಾಡಿನಂತೆ ಕೂದಲು. ಕುಂಬಳದ ಮೇಲೆ ಹಾಲು ಬಳಿದು ಬೋಳು ಟೊಪ್ಪಿ ಎಬ್ಬಿಸುವುದೆಂದು ಮಾತಾಗಿತ್ತು.

"ಕುಂಬಳ ಹಲ್ವ ಆಯ್ತು ಶೆಟ್ರೇ. ನಿಮ್ಮ ತಲೆಗೇ ಬಳಿಯುವ."

"ಅಯ್ಯಯ್ಯೋ, ಹಸಿ ಹಾಲು ತಲೆಗೆ ಬಿದ್ರೆ ನನಗೆ ಅಲರ್ಜಿ! ನಿಮ್ಮ ತಲೆಯೂ ನನ್ನ ತಲೆಯೂ ಒಂದೇ ಅಳತೆ ಭಟ್ರೇ. ನೀವೇ ಕೂತ್ಕೊಳ್ಳಿ, ನಾನು ಬಳೀತೇನೆ."

ಗಣೇಶಪ್ರಸಾದನ ಕೂದಲು ಅವನ ಏಕೈಕ ಆಸ್ತಿ. ಅಲೆಅಲೆಯಾದ, ಕಪ್ಪು, ದಟ್ಟ ಕೂದಲು. ಅದನ್ನು ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿ ಕಟ್ಟಿ ಕುಳಿತ. ಶೆಟ್ಟರು ಗೋಡೆಗೆ ಸುಣ್ಣ ಹೊಡೆದ ಹಾಗೆ ಪದರದ ಮೇಲೆ ಪದರ ಬಳಿದರು. ಬೇಗ ಒಣಗಲೆಂದು ಗಣೇಶಪ್ರಸಾದನ ತಂಗಿ ಬಿಟ್ಟುಹೋಗಿದ್ದ ಹೇರ್ ಡ್ರೈಯರ್ ಹಿಡಿದರು. ಆ ಬಿಸಿಗೆ ಒಳಗಿನ ಚೀಲ ಸದ್ದಿಲ್ಲದೆ ಕರಗಿ ತೂತುಬಿದ್ದು, ಹಾಲು ಕೂದಲಿಗೆ ಇಳಿಯಿತು.

ಒಣಗಿದ ಮೇಲೆ ಎಳೆದರೆ ಟೊಪ್ಪಿ ಬರಲಿಲ್ಲ, ಗಣೇಶಪ್ರಸಾದನ ಕಣ್ಣಲ್ಲಿ ನೀರು ಬಂತು. ಕತ್ತರಿ ತರಲು ಎದ್ದವನನ್ನು ಶೆಟ್ಟರು ಹಿಡಿದು ಕೂರಿಸಿದರು.

"ಟೊಪ್ಪಿಗೆ ಕತ್ತರಿ ಹಾಕಿದ್ರೆ ಸಂಜೆಗೆ ನಾನು ಎಂತ ಮಾಡುದು? ತೆಂಗಿನೆಣ್ಣೆ ಹಾಕಿ ನಿಧಾನಕ್ಕೆ ಬಿಡಿಸುವ ಮಾರಾಯ್ರೆ. ನಾಲ್ಕು ಗಂಟೆಯವರೆಗೆ ಸಮಯ ಉಂಟಲ್ಲ."

ಸಮಯ ಇರಲಿಲ್ಲ. ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಶರಣ್ಯಾಳಿಗೆ ಸಂಜೆ ಮೂಡುಬಿದಿರೆಯಲ್ಲಿ ಏನೋ ಕೆಲಸ ಎಂದು ವಿಟ್ಲದ ಮಾವ ಹನ್ನೊಂದು ಗಂಟೆಗೇ ಅವಳನ್ನು ಕರೆದುಕೊಂಡು ಬಂದುಬಿಟ್ಟಿದ್ದರು.

ಅಮ್ಮ ಮಗನ ತಲೆ ನೋಡಿ ಎದೆ ಹಿಡಿದುಕೊಂಡರು. ಮರುಕ್ಷಣ ಶೆಟ್ಟರ ಕೈ ಹಿಡಿದರು. "ಈ ಮದುವೆ ಆಗುವವರೆಗೆ ಇವನು ನಾಟಕದ ಬಣ್ಣ ಮುಟ್ಟಿದವ ಅಂತ ನಿಮ್ಮ ಬಾಯಲ್ಲಿ ಬರಬಾರದು. ದೈವದ ಹೆಸರಲ್ಲಿ ಹೇಳಿ."

"ನಮ್ಮ ದೈವದ ಆಣೆ ಅಮ್ಮಾ, ಹೇಳುದಿಲ್ಲ," ಎಂದರು ಶೆಟ್ಟರು. ಆ ಆಣೆ ಹಾಕಿದವರು ಊರಲ್ಲಿ ಯಾರೂ ತಪ್ಪಿ ನಡೆದದ್ದಿಲ್ಲ.

ಹೀಗೆ ಗಣೇಶಪ್ರಸಾದ ಚಾವಡಿಯಲ್ಲಿ ಬೋಳುತಲೆಯಾಗಿ ಪ್ರತ್ಯಕ್ಷನಾದ. ವಿಟ್ಲದ ಮಾವ ಒಮ್ಮೆ ಕೈಯಲ್ಲಿದ್ದ ಫೋಟೋ ನೋಡಿದರು, ಒಮ್ಮೆ ತಲೆ ನೋಡಿದರು.

"ಈ ಫೋಟೋ ಹಳತಾ?"

"ಹೌದು," ಎಂದರು ಅಮ್ಮ, ಮಗ ಬಾಯಿ ತೆರೆಯುವ ಮೊದಲೇ.

"ಎಷ್ಟು ಸಮಯ ಆಯ್ತು ಹೀಗಾಗಿ?" ಶರಣ್ಯಾ ಕೇಳಿದಳು. ಫೋಟೋಗಿಂತ ಚೆಂದವಾಗಿದ್ದಳು.

"ಸ್ವಲ್ಪ ಹೊತ್ತು... ಅಲ್ಲ, ಸ್ವಲ್ಪ ವರ್ಷ," ಎಂದ ಗಣೇಶಪ್ರಸಾದ. ತಲೆಯೊಳಗೆ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಅವಳು ಅವನ ಕಿವಿಯ ಹಿಂಭಾಗವನ್ನೇ ನೋಡುತ್ತ ತುಟಿ ಕಚ್ಚಿ ನಗು ತಡೆದುಕೊಂಡಳು. ಮುಗಿಯಿತು ನನ್ನ ಕತೆ ಎಂದುಕೊಂಡ ಅವನು.

ಆದರೆ ಹಲ್ವ ತಿಂದು ಕೈತೊಳೆದ ಮಾವ ಅಂಗಳಕ್ಕೆ ಹೋಗಿ ಶರಣ್ಯಾಳ ಜತೆ ಪಿಸುಗುಟ್ಟಿ ಬಂದವರು ಅರಳಿದ ಮುಖದಲ್ಲಿ ನಿಂತರು. "ಅಕ್ಕಾ, ಹುಡುಗಿಗೆ ಮನಸ್ಸುಂಟು. ನನಗೂ ಉಂಟು. ಹೋದ ತಿಂಗಳು ನೋಡಿದ ಒಬ್ಬ ವಿಗ್ ಹಾಕಿ ಕೂತಿದ್ದ, ಫ್ಯಾನ್ ಹಾಕ್ಲಿಕ್ಕೆ ಬಿಡಲಿಲ್ಲ. ನಿಮ್ಮ ಹುಡುಗ ಇದ್ದದ್ದನ್ನು ಇದ್ದ ಹಾಗೆ ತೋರಿಸಿದ. ನೆರಿಯದಲ್ಲಿ ನೆಂಟರ ಮನೆಯಲ್ಲಿ ಊಟ ಮುಗಿಸಿ ಮೂರು ಗಂಟೆಗೆ ಬರ್ತೇವೆ. ಮಾತು ಮುಗಿಸುವ."

ಕಾರು ಹೋಯಿತು. ಗಣೇಶಪ್ರಸಾದ ಸಂತೋಷಪಡಬೇಕೋ ಅಳಬೇಕೋ ತಿಳಿಯದೆ ನಿಂತ. ಅವಳು ಒಪ್ಪಿದ್ದಳು! ಆದರೆ ಒಪ್ಪಿದ್ದು ಬೋಳುತಲೆಯನ್ನು.

"ಇದರಲ್ಲಿ ಯೋಚಿಸ್ಲಿಕ್ಕೆ ಎಂತ ಉಂಟು?" ಎಂದರು ಶೆಟ್ಟರು. "ಹುಡುಗಿಗೆ ಬೋಳು ತಲೆ ಬೇಕು, ನನಗೆ ಟೊಪ್ಪಿ ಬೇಕು. ಕೂದಲು ಬುಡದಲ್ಲಿ ತೆಗೆದ್ರೆ ಎರಡೂ ಸಿಕ್ತದೆ."

ಗಣೇಶಪ್ರಸಾದ ಕನ್ನಡಿಯ ಮುಂದೆ ನಿಂತು ರಬ್ಬರಿನ ಅಡಿಯಲ್ಲಿ ಹೂತುಹೋಗಿದ್ದ ತನ್ನ ಕೂದಲನ್ನು ನೆನೆದ. ಆಮೇಲೆ ಶರಣ್ಯಾಳನ್ನು ನೆನೆದ. ತಲೆಗೆ ಬೈರಾಸು ಸುತ್ತಿ ಸೆಲೂನಿಗೆ ಹೊರಟ.

ಬೋಳುತಲೆಯವನೊಬ್ಬ ತಲೆ ಬೋಳಿಸಲು ಬಂದದ್ದನ್ನು ಸೆಲೂನಿನ ರೋಹಿತ್ ಅದೇ ಮೊದಲು ನೋಡಿದ್ದು. ಅಂಚಿನಿಂದ ಕತ್ತಿ ತೂರಿಸಿ, ತೆಂಗಿನೆಣ್ಣೆ ಬಿಟ್ಟು, ಹಲಸಿನ ಸೊಳೆ ಬಿಡಿಸಿದ ಹಾಗೆ ಟೊಪ್ಪಿ ಬಿಡಿಸಿದ. ಅಲೆಅಲೆಯಾದ ಕೂದಲೆಲ್ಲ ಅದರ ಒಳಗೇ ಅಂಟಿಕೊಂಡಿತ್ತು. ಜತೆಗೆ ಬಂದಿದ್ದ ಶೆಟ್ಟರು ತಲೆಗೆ ಹಾಕಿ ನೋಡಿ, "ಒಳ್ಳೆ ಮೆತ್ತಗೆ ಉಂಟು," ಎಂದು ಮೆಚ್ಚಿ ಚೀಲಕ್ಕೆ ಹಾಕಿಕೊಂಡರು. ಉಳಿದ ಕುರುಚಲನ್ನು ರೋಹಿತ್ ಎರಡು ಸಲ ಕತ್ತಿಯಾಡಿಸಿ ನುಣ್ಣಗೆ ಮಾಡಿದ.

ಮೂರು ಗಂಟೆಗೆ ಎಲ್ಲರೂ ಮತ್ತೆ ಚಾವಡಿಯಲ್ಲಿ ಸೇರಿದರು. ಮೂಡುಬಿದಿರೆಯ ಜೀಪಿಗೆ ಕಾಯುತ್ತಿದ್ದ ಶೆಟ್ಟರೂ ಚೀಲ ತಬ್ಬಿಕೊಂಡು ಒಂದು ಮೂಲೆಯಲ್ಲಿ ಕುಳಿತರು.

"ಎಲ್ಲ ಸರಿ," ಎಂದರು ವಿಟ್ಲದ ಮಾವ. "ಆದ್ರೆ ನೆರಿಯದಲ್ಲಿ ಯಾರೋ ಹೇಳಿದ್ರು, ಹುಡುಗನಿಗೆ ನಾಟಕದ ಮರುಳು ಉಂಟಂತೆ. ಹೌದಾ?"

"ನಾಟಕವಾ?" ಗಣೇಶಪ್ರಸಾದ ಎದ್ದೇ ನಿಂತ. "ಆ ಕಡೆ ತಲೆ ಹಾಕಿ ಮಲಗುವವನೂ ಅಲ್ಲ ನಾನು. ಮೂಗು ಗೀಗು ಅಂದ್ರೆ ನನಗೆ ಹೇಸಿಗೆ."

"ಮೂಗಿನ ವಿಷಯ ಯಾರೂ ಕೇಳಲಿಲ್ಲವಲ್ಲ?" ಎಂದಳು ಶರಣ್ಯಾ. ಅವಳ ಮುಖ ಸಣ್ಣದಾಗಿತ್ತು.

"ನಾನೇ ಸಾಕ್ಷಿ," ಶೆಟ್ಟರು ಮೂಲೆಯಿಂದ ನೆರವಿಗೆ ಬಂದರು. "ನಾಟಕಕ್ಕೆ ಕರೆದು ಕರೆದು ನನಗೆ ಸಾಕಾಯ್ತು. ಇವರು ಕಾಲು ಹೊರಗೆ ಇಡುದಿಲ್ಲ."

ಶರಣ್ಯಾ ನಿಧಾನವಾಗಿ ಅವನ ಹತ್ತಿರ ಬಂದಳು. "ಬೇಸರ ಮಾಡ್ಬೇಡಿ, ಒಮ್ಮೆ ಮುಟ್ಟಿ ನೋಡ್ತೇನೆ." ಗಣೇಶಪ್ರಸಾದ ಹೆಮ್ಮೆಯಿಂದ ತಲೆ ಬಗ್ಗಿಸಿದ. ಅವಳ ಬೆರಳು ಕಿವಿಯ ಹಿಂದೆ ತಡಕಾಡಿತು, ನೆತ್ತಿಯ ಮೇಲೆ ಒತ್ತಿತು.

"ನಿಜವಾದ ತಲೆ!" ಎಂದಳು, ಅಳುವವಳ ಹಾಗೆ. ಆಮೇಲೆ ಮಾವನಿಗೆ ಕೇಳದಂತೆ ದನಿ ತಗ್ಗಿಸಿದಳು. "ಬೆಳಗ್ಗೆ ಅಂಚು ಎದ್ದದ್ದು ನೋಡಿದ ಹಾಗಾಗಿತ್ತು. ರಬ್ಬರ್ ವಾಸನೆ ಬಂದ ಹಾಗೂ ಆಗಿತ್ತು. ಕಾಲೇಜಿನ ನಾಟಕದ ಮಕ್ಕಳನ್ನು ನೋಡ್ಕೊಳ್ಳುವವಳು ನಾನು, ಮಾವನಿಗೆ ಹೇಳಿಲ್ಲ ಅಷ್ಟೆ. ಹುಡುಗಿ ನೋಡ್ಲಿಕ್ಕೆ ಬರುವಾಗ ಇಷ್ಟು ಚೆಂದದ ಬೋಳುತಲೆ ಮಾಡಿ ಕೂರುವ ಗಂಡಿನ ಜತೆ ಜೀವನ ಒಳ್ಳೆ ಗಮ್ಮತ್ತಿನಲ್ಲಿ ಹೋದೀತು ಅಂದುಕೊಂಡೆ. ಅದಕ್ಕೇ ಒಪ್ಪಿದ್ದು." ಮಾವನ ಕಡೆ ತಿರುಗಿದಳು. "ಬೇಡ ಮಾವ. ಹೋಗುವ."

"ಅದು ರಬ್ಬರೇ!" ಗಣೇಶಪ್ರಸಾದ ಕೂಗಿದ. "ನಾನೇ ಮಾಡಿದ್ದು! ನನ್ನ ಕೂದಲು ಅದರ ಒಳಗೇ ಉಂಟು! ಶೆಟ್ರೇ, ಚೀಲ ಬಿಚ್ಚಿ ತೋರಿಸಿ!"

ಸುಬ್ಬಯ್ಯ ಶೆಟ್ಟರು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡರು. ಮದುವೆ ಇನ್ನೂ ಆಗಿರಲಿಲ್ಲ, ದೈವದ ಆಣೆ ಹಾಗೇ ಇತ್ತು. "ಎಂತ ಭಟ್ರೇ ನೀವು? ಚೀಲದಲ್ಲಿ ನನ್ನ ಅಂಗಿ ಉಂಟು. ಇವರಿಗೆ ಬೋಳಾಗಿ ಎಷ್ಟೋ ವರ್ಷ ಆಯ್ತು, ನಾನು ನೋಡಿದವ," ಎಂದು ಕಣ್ಣೊರೆಸಿಕೊಂಡರು. ಇಷ್ಟು ಚೆನ್ನಾಗಿ ಅವರು ಯಾವ ನಾಟಕದಲ್ಲೂ ಅಭಿನಯಿಸಿರಲಿಲ್ಲ.

"ಪಾಪ, ಬೇಡ ಅಂದದ್ದಕ್ಕೆ ಬುದ್ಧಿ ಸ್ವಲ್ಪ ಕದಡಿದೆ," ಎಂದು ವಿಟ್ಲದ ಮಾವ ಅವನ ನುಣುಪು ತಲೆ ಸವರಿ ಸಮಾಧಾನ ಹೇಳಿ ಕಾರು ಹತ್ತಿದರು.

ಸಂಜೆ ನಾಟಕ ಮುಗಿದ ಕೂಡಲೇ ಶೆಟ್ಟರ ಫೋನು ಬಂತು. ದನಿಯಲ್ಲಿ ಉತ್ಸಾಹ ತುಂಬಿ ತುಳುಕುತ್ತಿತ್ತು.

"ಭಟ್ರೇ, ಆ ಹುಡುಗಿ ನಾಟಕಕ್ಕೆ ಬಂದಿದ್ಲು! ಪರದೆ ಹಿಂದೆ ಬಂದು ಟೊಪ್ಪಿ ಮುಟ್ಟಿ ಮುಟ್ಟಿ ನೋಡಿ, ಇದು ಮಾಡಿದವರು ಯಾರು ಅಂತ ಕೇಳಿದ್ಲು. ನಿಮ್ಮ ಹೆಸರು ಹೇಳ್ಲಿಕ್ಕೆ ಇಲ್ಲವಲ್ಲ. ನಾನೇ ಅಂದೆ."

ಗಣೇಶಪ್ರಸಾದನ ಕೈ ತನ್ನ ನುಣುಪು ತಲೆಯ ಮೇಲೆ ಹೋಯಿತು.

"ಅವಳ ಕಾಲೇಜಿಗೆ ಒಂದಷ್ಟು ಮೂಗು ಬೇಕಂತೆ. ಶನಿವಾರದೊಳಗೆ ಮಾಡಿ ಕೊಡ್ತೇನೆ ಅಂತ ಒಪ್ಪಿ ಆಯ್ತು. ಹಾಲು ನಾಳೆ ಬೆಳಗ್ಗೆ ತರ್ತೇನೆ. ಆಗ್ಬಹುದಲ್ಲ?"

ಫೋನನ್ನು ಅಂಗಳಕ್ಕೆ ಎಸೆಯೋಣವೆಂದು ಕೈ ಎತ್ತಿದ ಗಣೇಶಪ್ರಸಾದ, ಅದನ್ನು ಮತ್ತೆ ಕಿವಿಗಿಟ್ಟುಕೊಂಡ.

"ಅವಳು ಎಂತಹ ಮೂಗು ಕೇಳಿದ್ದು?" ಎಂದ.